ಡ್ರೈಯರಿನ ಬೆನ್ನ ಮೇಲೆ ಬರೆದದ್ದು

ಊರಿಗೆಲ್ಲ ಚೆಟ್ ಆಗಿದ್ದ ಚೆಸ್ಟರ್ ವಾಲ್ಚಾಕ್ ರಿಪೇರಿಗೆಂದು ಯಾರ ಮನೆಗೆ ಬಂದರೂ ಮೊದಲು ಬಾಗಿಲು ತಟ್ಟುತ್ತಿರಲಿಲ್ಲ. ವ್ಯಾನು ನಿಲ್ಲಿಸಿ, ಮನೆಯ ಬದಿಯಿಂದ ನೇರ ಹಿತ್ತಲಿಗೆ ನಡೆದು, ಬಟ್ಟೆ ಒಣಗಿಸುವ ಡ್ರೈಯರಿನ ಬಿಸಿಗಾಳಿ ಹೊರಬೀಳುವ ಕೊಳವೆಯ ಬಾಯಿಗೆ ಅಂಗೈ ಒಡ್ಡಿ ನಿಲ್ಲುತ್ತಿದ್ದ. ಒಳಗಿದ್ದವರು ಅಡುಗೆಮನೆಯ ಕಿಟಕಿಯಿಂದ ಅವನನ್ನು ನೋಡಿ ಯಂತ್ರ ಹಚ್ಚಬೇಕು. ಗಾಳಿ ಕೈಗೆ ಎಷ್ಟು ಜೋರಾಗಿ ಬಡಿಯಿತು ಎಂಬುದರ ಮೇಲೆ ಅವನ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತಿತ್ತು. ಆಮೇಲೆ ಹಿಂಬಾಗಿಲಿನಿಂದ ಒಳಗೆ ಬಂದು, ಬೂಟು ಕಳಚಿ, ಬೈಯಲು ಶುರುಮಾಡುತ್ತಿದ್ದ.

"ಮಿಸೆಸ್ ಕ್ರಾಲ್, ಕೊಳವೆ ಬಾಯಿಗೆ ಆ ತಂತಿ ಜಾಲರಿ ಯಾರು ಹೊಡೆದ್ರು?"

"ನಾನೇ ಹೊಡೆಸಿದೆ ಚೆಟ್. ಹಕ್ಕಿ ಬಂದು ಗೂಡು ಕಟ್ಟತ್ತಪ್ಪ."

"ಹಕ್ಕಿಗೆ ಜಾಗ ಇಲ್ಲ ಅಂದ್ರಿ, ಬೆಂಕಿಗೆ ಬಾಡಿಗೆಗೆ ಕೊಟ್ರಿ. ಬನ್ನಿ ಇಲ್ಲಿ, ನೋಡಿ. ಇದು ಜಾಲರಿನೋ ಕಂಬಳಿನೋ?"

ಬಟ್ಟೆಯಿಂದ ಉದುರಿದ ಜುಂಗು ಆ ಜಾಲರಿಗೆ ಹೆಪ್ಪುಗಟ್ಟಿ ಕೂತಿರುತ್ತಿತ್ತು. ಅವನು ಅದನ್ನು ಕಿತ್ತು ಕಾಫಿ ಡಬ್ಬಿಯೊಂದಕ್ಕೆ ತುರುಕುತ್ತಿದ್ದ. ಅಂಥ ಡಬ್ಬಿಗಳು ಅವನ ವ್ಯಾನಿನಲ್ಲಿ ನಾಲ್ಕಿದ್ದವು. ಯಂತ್ರದ ಬಾಗಿಲ ಬಳಿಯ ಜುಂಗುಜಾಲರಿಯನ್ನು ತೆಗೆದು ಅಡುಗೆಮನೆಯ ನಲ್ಲಿಯ ಕೆಳಗೆ ಹಿಡಿಯುವುದು ಅವನ ಎರಡನೆಯ ಪರೀಕ್ಷೆ. ನೀರು ಸರಾಗವಾಗಿ ಇಳಿದುಹೋಗಬೇಕು. ತಟ್ಟೆಯಲ್ಲಿ ನಿಂತಂತೆ ನಿಂತರೆ, ಬಟ್ಟೆ ಘಮಘಮ ಅನ್ನಲೆಂದು ಹಾಕುವ ಆ ಸುವಾಸನೆಯ ಹಾಳೆಗಳ ಮೇಣ ಕಣ್ಣಿಗೆ ಕಾಣದ ಹಾಗೆ ಮೆತ್ತಿಕೊಂಡಿದೆ ಎಂದು ಅರ್ಥ. ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಾಕಿಸಿ ಮನೆಯವರ ಕೈಯಲ್ಲೇ ಉಜ್ಜಿಸುತ್ತಿದ್ದ. "ಫ್ಯೂಸ್ ಸುಟ್ಟಿದೆ ಅಂತ ಫ್ಯೂಸ್ ಬದಲಾಯಿಸೋನು ರಿಪೇರಿಯವನಲ್ಲ. ಯಾಕೆ ಸುಟ್ಟಿತು ಅಂತ ಕೇಳೋನು ರಿಪೇರಿಯವನು" ಎಂದು ಅವನು ಹೇಳದ ಮನೆ ಲ್ಯಾಕವಾನಾ ಊರಿನಲ್ಲಿ ಇರಲಿಲ್ಲ.

ಕೆಲಸವೆಲ್ಲ ಮುಗಿದ ಮೇಲೆ ಯಂತ್ರವನ್ನು ಗೋಡೆಗೆ ಒತ್ತುವ ಮುಂಚೆ ಒಂದು ಶಾಸ್ತ್ರವಿತ್ತು. ಕಿವಿಯ ಮೇಲಿನ ಮೇಣದ ಪೆನ್ಸಿಲ್ ತೆಗೆದು ಯಂತ್ರದ ಬೆನ್ನಿನ ತಗಡಿನ ಮೇಲೆ ತಾರೀಕು, ಕೆಟ್ಟದ್ದೇನು, ತಾನು ಮಾಡಿದ್ದೇನು ಎಂದು ಬರೆದು, ಕೆಳಗೆ ಚೆ.ವಾ. ಎಂದು ಹಾಕುತ್ತಿದ್ದ. ಬಳಿಕ ಮನೆಯವರನ್ನು ಕರೆದು, "ಬನ್ನಿ, ನೋಡಿ. ಗಟ್ಟಿಯಾಗಿ ಓದಿ" ಎನ್ನುತ್ತಿದ್ದ. ಓದಲೇಬೇಕು. ಮುದುಕಿಯರು ಕನ್ನಡಕ ಹುಡುಕಿ ತಂದು ಓದುತ್ತಿದ್ದರು. ಕೊನೆಯ ಎರಡಕ್ಷರ ಓದಿದ ಮೇಲೆ ಅವನು "ಆಯ್ತು" ಎಂದು ಯಂತ್ರವನ್ನು ಮೊಣಕಾಲಿನಿಂದ ಒತ್ತಿ ಗೋಡೆಗೆ ಸೇರಿಸಿ ಹೊರಡುತ್ತಿದ್ದ. ಏನು ಮಾಡಿದ್ದೇನೆಂದು ಬರೆಯದೆ ಹೋಗುವುದು ಕಳ್ಳನ ಕೆಲಸ ಎಂಬುದು ಅವನ ವಾದ. ಹೀಗೆ ಮೂವತ್ತು ವರ್ಷ ಊರಿನ ಡ್ರೈಯರುಗಳ ಬೆನ್ನಿನ ಮೇಲೆಲ್ಲ ಅವನ ವಕ್ರ ಅಕ್ಷರ ಗೋಡೆಗೆ ಮುಖಮಾಡಿ ನಿಂತಿತ್ತು.

ಅವನಿಗೆ ಈ ಕೆಲಸ ಕಲಿಸಿದವರು ಯಾರೂ ಇಲ್ಲ. ಉಕ್ಕಿನ ಕಾರ್ಖಾನೆ ಮುಚ್ಚಿದಾಗ ಅವನಿಗೆ ಮೂವತ್ತೇಳು. ಊರಿನ ಅರ್ಧ ಗಂಡಸರು ದಕ್ಷಿಣಕ್ಕೆ ಹೋದರು, ಇನ್ನರ್ಧ ಕುಡಿಯತೊಡಗಿದರು. ಚೆಟ್ ತನ್ನ ಹೆಂಡತಿಯ ಡ್ರೈಯರನ್ನು ಬಿಚ್ಚಿ ಹಾಕಿ, ಮತ್ತೆ ಜೋಡಿಸಿ, ಮತ್ತೆ ಬಿಚ್ಚಿದ. ಹೆಂಡತಿ ಕಾಯಿಲೆಯಿಂದ ಬೇಗ ತೀರಿಕೊಂಡಳು. ಮಗಳು ಡೆನಿಸ್ ಮದುವೆಯಾಗಿ ರಾಚೆಸ್ಟರ್‌ಗೆ ಹೋದಳು. ಉಳಿದದ್ದು ವ್ಯಾನು, ಭಾನುವಾರದ ಪೂಜೆ, ಚೆಂಡುರುಳಿಸಿ ಗೂಟ ಬೀಳಿಸುವ ಗುರುವಾರದ ಬೌಲಿಂಗ್, ಮತ್ತು ನಾರ್ಬರ್ಟ್ ಡುಡೆಕ್.

ನಾರ್ಬರ್ಟ್ ಎರಡು ಬೀದಿ ಆಚೆಯವನು. ಏಳನೆಯ ವಯಸ್ಸಿನಲ್ಲಿ ಇಬ್ಬರೂ ಒಂದೇ ದಿನ ಚರ್ಚಿನಲ್ಲಿ ಪಾದ್ರಿಯ ಪಕ್ಕ ಗಂಟೆ ಬಾರಿಸಲು ನಿಂತವರು. ನಾರ್ಬರ್ಟ್ ಮುಂದೆ ಓದಿ, ಚರ್ಚಿನ ಶಾಲೆಯಲ್ಲಿ ಇತಿಹಾಸ ಕಲಿಸಿ, ನಿವೃತ್ತನಾಗಿ, ಮುಂದಿನ ಕೋಣೆಯ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತವನು. ಸ್ಕ್ರೂಡ್ರೈವರ್ ಹಿಡಿದು ಗೊತ್ತಿಲ್ಲ. ಚೆಟ್ ಅವನನ್ನು 'ಪ್ರೊಫೆಸರ್' ಎಂದೇ ಕರೆಯುತ್ತಿದ್ದ. ಹೊಗಳಿಕೆಯಾಗಿ ಖಂಡಿತ ಅಲ್ಲ.

ನಾರ್ಬರ್ಟನ ಹೆಂಡತಿ ಯಾನಿನಾ ಆ ಚಳಿಗಾಲ ಆಸ್ಪತ್ರೆ ಬೇಡವೆಂದು ಮನೆಗೆ ಬಂದಿದ್ದಳು. ಹೊಟ್ಟೆಯ ಕ್ಯಾನ್ಸರ್. ಹಾಸಿಗೆಯ ಬಟ್ಟೆ ದಿನಕ್ಕೆ ನಾಲ್ಕು ಸಲ, ಐದು ಸಲ ಬದಲಾಯಿಸಬೇಕು. ಮೈಯಲ್ಲಿ ಏನೂ ಉಳಿಯದ ಅವಳಿಗೆ ಸದಾ ಚಳಿ. ಡ್ರೈಯರಿನಿಂದ ಆಗತಾನೆ ತೆಗೆದ ಬಿಸಿ ಹೊದಿಕೆಯನ್ನು ಮೈಮೇಲೆ ಎಳೆದಾಗ ಮಾತ್ರ ಹಣೆಯ ಗಂಟು ಸಡಿಲವಾಗುತ್ತಿತ್ತು. ನಾರ್ಬರ್ಟ್ ಹಗಲು ರಾತ್ರಿ ಡ್ರೈಯರಿದ್ದ ಹಿಂದಿನ ಕೋಣೆಗೂ ಹಾಸಿಗೆಗೂ ಓಡಾಡುತ್ತಿದ್ದ. ಜನವರಿಯ ಒಂದು ಶನಿವಾರ ಊರ ಪಕ್ಕದ ಸರೋವರದ ಕಡೆಯಿಂದ ಎದೆಮಟ್ಟ ಹಿಮ ಬಿತ್ತು. ಮಧ್ಯಾಹ್ನ ಡ್ರೈಯರ್ ತಿರುಗುತ್ತಲೇ ಇತ್ತು, ಬಿಸಿ ನಿಂತಿತು.

ಚೆಟ್ ನಡೆದೇ ಬಂದ. ರೂಢಿಯಂತೆ ಮೊದಲು ಹಿತ್ತಲಿಗೆ ಹೋದ. ಕೊಳವೆಯ ಬಾಯಿ ಹಿಮದಡಿ ಹೂತುಹೋಗಿತ್ತು. ಅರ್ಧ ಗಂಟೆ ಸಲಿಕೆಯಿಂದ ಅಗೆದು, ಕೊಳವೆಯೊಳಗೆ ಉದ್ದನೆಯ ಬ್ರಷ್ಷು ಹಾಯಿಸಿ, ಒಳಗೆ ಬಂದು ಯಂತ್ರವನ್ನು ಗೋಡೆಯಿಂದ ಎಳೆದ.

"ಹೊರಗೆ ದಾರಿ ಇಲ್ದೆ ಬಿಸಿ ಒಳಗೇ ಸುತ್ತಿದೆ. ಶಾಖದ ಫ್ಯೂಸ್ ಹೋಯ್ತು. ಹೋಗಿದ್ದೇ ಒಳ್ಳೇದಾಯ್ತು ಅನ್ನು, ಅದು ಇರೋದೇ ಅದಕ್ಕೆ."

"ನಿನ್ನ ಹತ್ರ ಇದ್ಯಾ?"

ಚೆಟ್ ಪೆಟ್ಟಿಗೆಯನ್ನು ಎರಡು ಸಲ ತಡಕಿದ. ವ್ಯಾನಿನಲ್ಲೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಬಿಡಿಭಾಗದ ಅಂಗಡಿ ತೆರೆಯುವುದು ಸೋಮವಾರ.

ಒಳಗಿನಿಂದ ಯಾನಿನಾ ಕರೆದಳು. ಕರೆದದ್ದಲ್ಲ, ನರಳಿದ್ದು. ನಾರ್ಬರ್ಟ್ ಒದ್ದೆ ಹೊದಿಕೆಯನ್ನು ಎದೆಗವಚಿ ನಿಂತಿದ್ದ. ಅಂಗಿಯ ಮುಂಭಾಗವೆಲ್ಲ ತೊಯ್ದಿತ್ತು.

"ನೀನು ಅವಳ ಹತ್ರ ಹೋಗು" ಎಂದ ಚೆಟ್. "ನಾನು ನೋಡ್ಕೋತೀನಿ."

ಇಪ್ಪತ್ತು ನಿಮಿಷದಲ್ಲಿ ಯಂತ್ರ ಬಿಸಿಯಾಯಿತು. ಹೊದಿಕೆ ಒಣಗಿತು. ಇಬ್ಬರೂ ಎರಡು ಕಡೆ ಹಿಡಿದು ಯಾನಿನಾಳ ಮೇಲೆ ಹೊದಿಸಿದರು. ಅವಳು ಕಣ್ಣು ಮುಚ್ಚಿಕೊಂಡೇ, "ಚೆಟ್, ಬೂಟು ಕಳಚಿದ್ಯೇನೋ?" ಎಂದಳು.

"ಕಳಚಿದೀನಿ ತಾಯಿ. ಕಾಲುಚೀಲದಲ್ಲಿ ತೂತಿದೆ, ಅದನ್ನ ನೋಡಬೇಡ."

ಹೊರಡುವಾಗ ನಾರ್ಬರ್ಟ್ ಕೇಳಿದ: "ಏನೋ, ಓದೋದು ಇಲ್ವಾ ಇವತ್ತು?"

ಚೆಟ್ ಆಗಲೇ ಯಂತ್ರವನ್ನು ಗೋಡೆಗೆ ಒತ್ತಿದ್ದ. ಪೆನ್ಸಿಲ್ ಕಿವಿಯ ಮೇಲೆಯೇ ಇತ್ತು. "ಸೋಮವಾರ ಬಂದು ಬರೀತೀನಿ" ಎಂದ. "ಹೊರಗಿನ ಬಾಯಿ ಮೇಲೆ ಹಿಮ ಬೀಳದ ಹಾಗೆ ನೋಡ್ಕೋ. ಯಂತ್ರ ಓಡೋವಾಗ ಪಕ್ಕದಲ್ಲೇ ಇರು."

ಸೋಮವಾರ ಮತ್ತೆ ಹಿಮ. ಮಂಗಳವಾರ ಬೆಳಿಗ್ಗೆ ಯಾನಿನಾ ತೀರಿಕೊಂಡಳು, ಬಿಸಿ ಹೊದಿಕೆಯ ಕೆಳಗೆ. ಶುಕ್ರವಾರ ಶವಪೆಟ್ಟಿಗೆ ಹೊತ್ತ ಆರು ಜನರಲ್ಲಿ ಚೆಟ್ ಮುಂದಿನ ಎಡಗಡೆಯವನು.

ಎರಡು ತಿಂಗಳು ಆ ಯಂತ್ರವನ್ನು ನಾರ್ಬರ್ಟ್ ಹೆಚ್ಚು ಮುಟ್ಟಲಿಲ್ಲ. ಮಾರ್ಚ್ ಕೊನೆಗೆ ಧೈರ್ಯಮಾಡಿ ಯಾನಿನಾಳ ಬಟ್ಟೆಗಳನ್ನೆಲ್ಲ ಒಗೆದ. ಚರ್ಚಿಗೆ ಕೊಡಬೇಕಾದದ್ದು ಒಂದು ಗಂಟು, ತನಗೆಂದು ಇಟ್ಟುಕೊಳ್ಳಬೇಕಾದದ್ದು ಒಂದು ಗಂಟು. ಎರಡನೆಯದರಲ್ಲಿ ಅವಳು ಹೆಣೆದ ನೀಲಿ ಸ್ವೆಟರ್, ಮದುವೆಯ ಮಾರನೆಯ ದಿನದ ಹಸಿರು ಅಂಗಿ ಇದ್ದವು. ಚರ್ಚಿನ ಗಂಟನ್ನು ಒಣಗಿಸಲು ಹಾಕಿ, ಇನ್ನೊಂದನ್ನು ಯಂತ್ರದ ಮೇಲಿಟ್ಟು, ಮುಂದಿನ ಕೋಣೆಯಲ್ಲಿ ಕೂತ. ಹೊರಗೆ ಆ ವರ್ಷದ ಕೊನೆಯ ಹಿಮ, ಗಾಳಿಯ ಜೊತೆ ಅಡ್ಡಡ್ಡ ಬೀಳುತ್ತಿತ್ತು. ಕುರ್ಚಿಯಲ್ಲೇ ತೂಕಡಿಕೆ ಬಂತು. ಎಚ್ಚರವಾದಾಗ ಬಾಗಿಲ ಸಂದಿನಿಂದ ಹೊಗೆ ನುಗ್ಗುತ್ತಿತ್ತು.

ಹಿಂದಿನ ಕೋಣೆ ಪೂರ್ತಿ, ಅಡುಗೆಮನೆ ಅರ್ಧ ಸುಟ್ಟಿತು. ಬಟ್ಟೆಯ ಎರಡು ಗಂಟುಗಳಲ್ಲಿ ಒಂದು ಗುಂಡಿಯೂ ಉಳಿಯಲಿಲ್ಲ.

ಮಾರನೆಯ ದಿನ ಅಗ್ನಿಶಾಮಕದ ಕಡೆಯಿಂದ ತನಿಖೆಗೆ ಹ್ಯಾಲೊರನ್ ಎಂಬವನು ಬಂದ. ಚೆಟ್ ಬೆಳಿಗ್ಗೆಯಿಂದಲೇ ಅಲ್ಲಿದ್ದ, ಸಲಿಕೆ ಹಿಡಿದು ಕರಿ ನೀರು ಬಳಿಯುತ್ತಿದ್ದ. ಹ್ಯಾಲೊರನ್ ಸುಟ್ಟ ಯಂತ್ರದೊಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಇಕ್ಕಳದಿಂದ ಒಂದು ಗೇಣು ತಾಮ್ರದ ತಂತಿ ಎತ್ತಿ ಬೆಳಕಿಗೆ ಹಿಡಿದ.

"ಶಾಖದ ಫ್ಯೂಸ್ ಇರೋ ಜಾಗದಲ್ಲಿ ಈ ತಂತಿ ಇದೆ, ಮಿಸ್ಟರ್ ಡುಡೆಕ್. ಕಾವು ಮಿತಿಮೀರಿದ್ರೂ ಯಂತ್ರ ನಿಲ್ಲೋದಿಲ್ಲ. ಇದನ್ನ ಯಾರು ಹಾಕಿದ್ದು?"

ನಾರ್ಬರ್ಟನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಮರುಕ್ಷಣ ಎಲ್ಲ ತಿಳಿಯಿತು. ಜನವರಿಯ ಆ ಶನಿವಾರ, ಇಪ್ಪತ್ತು ನಿಮಿಷ, ಕಿವಿಯ ಮೇಲೆಯೇ ಉಳಿದ ಪೆನ್ಸಿಲ್. ಚೆಟ್ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದ. ಸಲಿಕೆ ನಿಂತಿತ್ತು.

"ನಾನೇ ಹಾಕಿದೆ" ಎಂದ ನಾರ್ಬರ್ಟ್.

"ನೀವಾ? ಈ ತಿರುವು ನೋಡಿ. ಇದು ಪಳಗಿದ ಕೈ ಕೆಲಸ."

"ಪುಸ್ತಕ ನೋಡಿ ಮಾಡಿದೆ. ಹೆಂಡತಿಗೆ ಹುಷಾರಿರಲಿಲ್ಲ. ಬಿಸಿ ಹೊದಿಕೆ ಬೇಕಿತ್ತು."

ಹ್ಯಾಲೊರನ್ ಯಂತ್ರದ ಬೆನ್ನಿನ ತಗಡು ಒರೆಸಿದ. ಮಸಿಯ ಕೆಳಗೆ ಚೆಟ್‌ನ ಕೊನೆಯ ಬರಹ ಎರಡು ವರ್ಷ ಹಿಂದಿನದು: ಬೆಲ್ಟ್ ಬದಲಾಯಿಸಿದೆ, ಚೆ.ವಾ. "ವಾಲ್ಚಾಕ್, ಆಮೇಲೆ ನೀನು ಇದನ್ನ ಮುಟ್ಟಿಲ್ಲ ತಾನೆ?" ಎಂದು ತಿರುಗಿ ನೋಡಿದ. ಉತ್ತರ ಬರುವ ಮೊದಲೇ ತಾನೇ ಹೇಳಿದ: "ಮುಟ್ಟಿದ್ರೆ ನೀನು ಬರೀತಿದ್ದೆ ಬಿಡು. ಇಡೀ ಊರಿಗೆ ಗೊತ್ತು."

ಚೆಟ್ ಸಲಿಕೆಯನ್ನು ನೀರಿಗೆ ಇಳಿಸಿದ. ಬಳಿಯತೊಡಗಿದ.

ಮಾಲೀಕನೇ ಸುರಕ್ಷತೆಯ ಭಾಗ ತೆಗೆದಿದ್ದಾನೆಂದು ವಿಮೆಯವರು ಕೈತೊಳೆದುಕೊಂಡರು. ಬೌಲಿಂಗ್ ಜಾಗದಲ್ಲಿ ನಾರ್ಬರ್ಟ್ ತಮಾಷೆಯ ವಸ್ತುವಾದ. "ಪ್ರೊಫೆಸರ್, ನಮ್ಮನೆ ಟೋಸ್ಟರ್ ಕೆಟ್ಟಿದೆ, ಪುಸ್ತಕ ತಗೊಂಡು ಬನ್ನಿ" ಎಂದು ಯಾರೋ ಕೂಗಿದರೆ ಎಲ್ಲರೂ ನಕ್ಕರು. ಚೆಟ್ ತನ್ನ ಚೆಂಡು ಒರೆಸುತ್ತಿದ್ದ, ನಗಲಿಲ್ಲ.

ಆ ಬೇಸಿಗೆಯಿಡೀ ಅವನು ಗಿರಾಕಿಗಳನ್ನು ಬಿಟ್ಟು ನಾರ್ಬರ್ಟನ ಮನೆಯಲ್ಲಿ ದುಡಿದ. ಸುಟ್ಟ ಹಲಗೆ ಕಿತ್ತ, ಗೋಡೆ ಎಬ್ಬಿಸಿದ, ನೆಲ ಹಾಕಿದ. ಹೊಸ ಡ್ರೈಯರ್ ತನ್ನ ಖರ್ಚಿನಲ್ಲೇ ತಂದಿಟ್ಟ. ಸುಕ್ಕುಸುಕ್ಕಾದ ಮೆದು ಕೊಳವೆ ಬಿಸಾಡಿ ಗಟ್ಟಿ ತಗಡಿನ ಕೊಳವೆ ಜೋಡಿಸಿದ. ಜೋಡಣೆಗೆ ಒಂದೂ ಸ್ಕ್ರೂ ಹಾಕಲಿಲ್ಲ, ಸ್ಕ್ರೂವಿನ ಮೊನೆಗೆ ಜುಂಗು ಸಿಕ್ಕಿಕೊಳ್ಳುತ್ತದೆಂದು ಬರೀ ಲೋಹದ ಟೇಪು ಸುತ್ತಿದ. ನಾರ್ಬರ್ಟ್ ಕುರ್ಚಿಯಲ್ಲಿ ಕೂತು ಸುತ್ತಿಗೆಯ ಸದ್ದು ಕೇಳುತ್ತಿದ್ದ. ಅವನಿಗೆ ಗೋಡೆ ಬೇಕಿರಲಿಲ್ಲ, ನೆಲವೂ ಬೇಕಿರಲಿಲ್ಲ. 'ಆ ತಂತಿ ನಾನು ಕಟ್ಟಿದ್ದು' ಎಂಬ ಒಂದು ಮಾತು ಬೇಕಿತ್ತು. ಅದು ಸಿಕ್ಕ ಮರುಗಳಿಗೆ ಕ್ಷಮಿಸಿಬಿಡಲು ಅವನು ಸಿದ್ಧನಾಗಿ ಕೂತಿದ್ದ. ಸಿದ್ಧನಾಗಿ ಕೂತೂ ಕೂತೂ ಅದೇ ಹುಣ್ಣಾಯಿತು.

ಕೆಲಸ ಮುಗಿದ ಸಂಜೆ ಹಿಂದಿನ ಕೋಣೆಯಿಂದ ಚೆಟ್ ಕೂಗಿದ: "ಪ್ರೊಫೆಸರ್! ಬಾ, ನೋಡು. ಗಟ್ಟಿಯಾಗಿ ಓದು."

ಏನೂ ಆಗಿಲ್ಲವೆಂಬಂತೆ ಅದೇ ಹಳೆಯ ಶಾಸ್ತ್ರ! ನಾರ್ಬರ್ಟನ ಮೈ ಉರಿಯಿತು. "ನನಗೇನು ತಿಳಿಯತ್ತೆ ಅದೆಲ್ಲ. ನೀನೇ ಓದ್ಕೋ" ಎಂದ. ಕುರ್ಚಿಯಿಂದ ಏಳಲಿಲ್ಲ.

ಆಮೇಲೆ ಯಂತ್ರ ಗೋಡೆಗೆ ತಾಕಿದ ಸದ್ದು.

ಕ್ರಿಸ್ಮಸ್ ಹಿಂದಿನ ಸಂಜೆ ಚೆಟ್ ಯಾವತ್ತಿನಂತೆ ಊಟಕ್ಕೆ ಬಂದ. ಊಟಕ್ಕೆ ಮುಂಚೆ ಹಪ್ಪಳದಷ್ಟು ತೆಳುವಾದ ಬಿಳಿಯ ರೊಟ್ಟಿಯನ್ನು ಒಬ್ಬರದೊಬ್ಬರು ಮುರಿದುಕೊಂಡು, ವರ್ಷದಲ್ಲಿ ಮಾಡಿದ ತಪ್ಪಿಗೆ ಕ್ಷಮೆ ಕೇಳಿ, ಮುಂದಿನದಕ್ಕೆ ಒಳ್ಳೆಯದು ಹಾರೈಸಬೇಕು. ಅವರ ಅಜ್ಜಿಯರ ಕಾಲದ ಪೋಲೆಂಡಿನಿಂದ ಬಂದದ್ದು, ಯಾರೂ ಬಿಟ್ಟಿರಲಿಲ್ಲ. ನಾರ್ಬರ್ಟ್ ತನ್ನ ರೊಟ್ಟಿ ಚಾಚಿದ. ಚೆಟ್ ಚೂರು ಮುರಿದ. ಅವನ ದಪ್ಪ ಬೆರಳಿನಲ್ಲಿ ಅದು ಪುಡಿಯಾಯಿತು.

"ಆರೋಗ್ಯ ಇರಲಿ, ಪ್ರೊಫೆಸರ್."

"ಅಷ್ಟೇನಾ?"

"ಇನ್ನೇನು ಬೇಕು? ಲಾಟರಿನಾ?"

ಇಬ್ಬರೂ ಕೂತು ಬೀಟ್‌ರೂಟ್ ಸಾರು ಕುಡಿದರು.

ಹೀಗೆ ಇನ್ನೂ ಏಳು ಕ್ರಿಸ್ಮಸ್ ಕಳೆದವು. ಹಿಮ ಬಿದ್ದ ಬೆಳಿಗ್ಗೆ ನಾರ್ಬರ್ಟ್ ಏಳುವ ಹೊತ್ತಿಗೆ ಹಿತ್ತಲಿನ ಕೊಳವೆಯ ಬಾಯಿ ತೆರವಾಗಿರುತ್ತಿತ್ತು, ಬೀದಿಯಿಂದ ಅಲ್ಲಿಗೆ ಹೋಗಿಬಂದ ಬೂಟಿನ ಗುರುತು ಇರುತ್ತಿತ್ತು. ಪ್ರತಿ ಸೆಪ್ಟೆಂಬರಿನಲ್ಲಿ ಚೆಟ್ ಬಂದು ಯಂತ್ರ ಎಳೆದು, ಕೊಳವೆ ಗುಡಿಸಿ, "ಪ್ರೊಫೆಸರ್, ಬಂದು ಓದು" ಎಂದು ಕೂಗುತ್ತಿದ್ದ. ಪ್ರತಿ ಸೆಪ್ಟೆಂಬರಿನಲ್ಲೂ ನಾರ್ಬರ್ಟ್ ಪುಸ್ತಕದ ಹಾಳೆ ತಿರುವುತ್ತ, "ನೀನೇ ಓದ್ಕೋ" ಎನ್ನುತ್ತಿದ್ದ. ಆ ಯಂತ್ರ ಏಳು ವರ್ಷದಲ್ಲಿ ಒಂದು ದಿನವೂ ಕೆಡಲಿಲ್ಲ. ಕೊನೆಯ ಸೆಪ್ಟೆಂಬರಿನಲ್ಲಿ ಚೆಟ್ ಎರಡು ಸಲ ಕೂಗಿದ. ಎರಡನೆಯ ಸಲ ಬಾಗಿಲವರೆಗೂ ಬಂದು, ಚೌಕಟ್ಟಿಗೆ ಕೈಯೂರಿ, "ಒಂದು ನಿಮಿಷ ಬಾರೋ ನಾರ್ಬ್" ಎಂದ. ಅವನು ಆಗಲೇ ಏದುಸಿರು ಬಿಡುತ್ತಿದ್ದ.

"ಹೇಳೋದೇನಾದ್ರೂ ಇದ್ರೆ ಇಲ್ಲೇ ಹೇಳು" ಎಂದ ನಾರ್ಬರ್ಟ್. "ಬಾಯಿಲ್ವಾ ನಿನಗೆ?"

ಚೆಟ್ ಚೌಕಟ್ಟಿನಿಂದ ಕೈ ತೆಗೆದ. "ಕೊಳವೆ ಚೊಕ್ಕವಾಗಿದೆ" ಎಂದು ಹೇಳಿ ಹೋದ.

ಜನವರಿಯ ಎರಡನೆಯ ವಾರ ತನ್ನ ಮನೆಯ ಮುಂದಿನ ಹಿಮ ಎತ್ತುತ್ತಿದ್ದಾಗ ಚೆಸ್ಟರ್ ವಾಲ್ಚಾಕ್ ಸಲಿಕೆಯ ಮೇಲೆ ಕುಸಿದ. ಎದುರುಮನೆಯವರು ಬರುವಷ್ಟರಲ್ಲಿ ಮುಗಿದಿತ್ತು. ಅರವತ್ತೊಂಬತ್ತು ವಯಸ್ಸು. ಚರ್ಚು ತುಂಬಿತ್ತು. ಮುದುಕಿಯರು ತಮ್ಮ ತಮ್ಮ ಡ್ರೈಯರುಗಳ ಬೆನ್ನಿನಲ್ಲಿ ಏನೇನು ಬರೆದಿದೆಯೆಂದು ಹೇಳಿಕೊಂಡು ಅತ್ತರು, ನಕ್ಕರು. ಡೆನಿಸ್ ಬಂದು, "ಅಂಕಲ್, ಅಪ್ಪನ ಬಗ್ಗೆ ನೀವು ಎರಡು ಮಾತು ಹೇಳ್ಬೇಕು" ಎಂದಳು. ನಾರ್ಬರ್ಟ್ ಎದ್ದು, ಇವನಷ್ಟು ನೇರ ಮನುಷ್ಯನನ್ನು ತಾನು ಕಂಡಿಲ್ಲ ಎಂದ. ಹೇಳುವಾಗ ನಾಲಿಗೆ ಕಹಿಯಾಯಿತು.

ಎರಡು ವಾರದ ಮೇಲೆ ಡ್ರೈಯರ್ ತಿರುಗುತ್ತಲೇ ಇತ್ತು, ಬಿಸಿ ನಿಂತಿತು. ನಾರ್ಬರ್ಟ್ ಹಿತ್ತಲಿಗೆ ಹೋಗಿ ನೋಡಿದ. ಕೊಳವೆಯ ಬಾಯಿ ಹಿಮದಡಿ ಹೂತಿತ್ತು. ಬೂಟಿನ ಗುರುತು ಇರಲಿಲ್ಲ. ಅಗೆದು ತೆಗೆದರೂ ಬಿಸಿ ಬರಲಿಲ್ಲ. ಫ್ಯೂಸ್ ಹೋಗಿದೆ, ಹೋಗಿದ್ದೇ ಒಳ್ಳೆಯದಾಯಿತು ಎಂದುಕೊಂಡ. ಪಕ್ಕದ ಬಫಲೊ ನಗರದ ಒಂದು ಅಂಗಡಿಗೆ ಫೋನು ಮಾಡಿದ. ಅಲ್ಲಿನ ಹೆಂಗಸು ಯಂತ್ರದ ನಂಬರ್ ಕೇಳಿದಳು.

"ಬಾಗಿಲ ಹತ್ರದ ಚೀಟಿ ಅಳಿಸಿಹೋಗಿದೆ ಅಮ್ಮ."

"ಹಿಂದುಗಡೆನೂ ಇರತ್ತೆ ಸಾರ್. ಸ್ವಲ್ಪ ಎಳೆದು ನೋಡಿ."

ಎಪ್ಪತ್ತು ವರ್ಷದ ನಾರ್ಬರ್ಟ್ ಬದುಕಿನಲ್ಲಿ ಮೊದಲ ಸಲ ಒಂದು ಯಂತ್ರವನ್ನು ಗೋಡೆಯಿಂದ ಎಳೆದ. ಸಂದಿಯಲ್ಲಿ ತಲೆ ತೂರಿಸಿದ.

ಬೆನ್ನಿನ ತಗಡಿನ ಕೆಳಭಾಗದಲ್ಲಿ ಏಳು ಸಾಲು, ಏಳು ಸೆಪ್ಟೆಂಬರ್: ಕೊಳವೆ ಗುಡಿಸಿದೆ, ಚೆ.ವಾ. ಅವುಗಳ ಮೇಲೆ, ಎಲ್ಲಕ್ಕಿಂತ ಮೊದಲು, ಈ ಯಂತ್ರಕ್ಕೆ ಸಂಬಂಧವೇ ಇಲ್ಲದ ಒಂದು ತಾರೀಕು. ಕೈ ಒತ್ತಿ ಒತ್ತಿ ಬರೆದದ್ದು.

ಅವನು ಕನ್ನಡಕ ಸರಿಮಾಡಿಕೊಂಡ. ಗಟ್ಟಿಯಾಗಿ ಓದಿದ.

"ಜನವರಿ ಹದಿನೇಳು. ಹಳೇ ಯಂತ್ರ. ಫ್ಯೂಸ್ ಇರಲಿಲ್ಲ, ತಂತಿ ಕಟ್ಟಿದೆ. ನಾರ್ಬ್‌ಗೆ ಹೇಳಲಿಲ್ಲ. ಸೋಮವಾರ ಫ್ಯೂಸ್ ತಂದೆ, ಕೋಟಿನ ಜೇಬಿನಲ್ಲೇ ಉಳಿಯಿತು. ಅವಳನ್ನು ಹೊತ್ತಾಗಲೂ ಜೇಬಿನಲ್ಲಿತ್ತು. ಆಮೇಲೆ ಮರೆತೆ. ಬೆಂಕಿ ನನ್ನದು. ಚೆ.ವಾ."

ಹೊಸ ಹಲಗೆಯ ಕೋಣೆಯಲ್ಲಿ ಅವನ ದನಿ ಅವನಿಗೇ ವಾಪಸು ಬಂತು. ಕೊನೆಯ ಎರಡಕ್ಷರ ಓದಿದ ಮೇಲೆ ಯಾರೋ 'ಆಯ್ತು' ಎನ್ನಬೇಕಿತ್ತು. ನಾರ್ಬರ್ಟ್ ಬಗ್ಗಿದವನು ಹಾಗೆಯೇ ಇದ್ದ. ಚೆಟ್ ಒಂಬತ್ತು ಸಲ ಕರೆದಿದ್ದ. ಕುರ್ಚಿಯಿಂದ ಇಲ್ಲಿಗೆ ಹನ್ನೊಂದು ಹೆಜ್ಜೆ.

"ಥೂ" ಎಂದ. ಯಾರಿಗೆ ಎಂದು ಅವನಿಗೇ ಗೊತ್ತಾಗಲಿಲ್ಲ.

ಫೋನಿನಲ್ಲಿ ಹೆಂಗಸು ಬಹಳ ಹೊತ್ತು ಕಾದು ಇಟ್ಟುಬಿಟ್ಟಿದ್ದಳು. ಅವನು ಮತ್ತೆ ಫೋನು ಮಾಡಲಿಲ್ಲ, ಯಂತ್ರವನ್ನು ಗೋಡೆಗೆ ಒತ್ತಲೂ ಇಲ್ಲ. ಒದ್ದೆ ಹೊದಿಕೆಗಳು ಡ್ರಮ್ಮಿನಲ್ಲೇ ಮೂರು ದಿನ ಬಿದ್ದಿದ್ದು ಮುಗ್ಗಲು ಹಿಡಿದವು.